ಹೆಣ್ಣು ಬಳ್ಳಿಯಲ್ಲಿ ಗಂಡು ಹೂವು

‘ಅಣ್ಣಾ, ಬಳ್ಳಿ ತುಂಬ ಬರೇ ಗಂಡು ಹೂವೇ ಐತಿ. ಹೆಣ್ಣು ಹೂವು ಬರಂಗ ಹೊಡಿಯಾಕ ಏನಾರ ಕೊಡು.’ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆಯ ಗೊಬ್ಬರದ ಅಂಗಡಿಗಳಲ್ಲಿ ಸೌತೆ, ಹೀರೆ, ಹಾಗಲ ಹಾಕಿದವರು ಕೇಳುವ ಮಾತಿದು. ಅಂಗಡಿಯವರ ಹತ್ತಿರ ಉತ್ತರವೂ ಇರುತ್ತದೆ. ಕಪಾಟಿನಿಂದ ಒಂದು ಬಾಟಲಿ ಇಳಿಯುತ್ತದೆ, ಹತ್ತು ಲೀಟರ್ ನೀರಿಗೆ ಇಷ್ಟು ಎಂಬ ಲೆಕ್ಕ ಬಾಯಲ್ಲೇ ಬರುತ್ತದೆ. ತೊಂದರೆ ಏನೆಂದರೆ, ಬಹಳಷ್ಟು ಸಲ ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ಇವತ್ತು ಅರಳಿದ ಹೂವು ಗಂಡೋ ಹೆಣ್ಣೋ ಎಂಬುದು, ಅದು ಎಲೆಯ ಕಂಕುಳಲ್ಲಿ ಸಾಸಿವೆಗಿಂತ ಚಿಕ್ಕ ಮೊಗ್ಗಾಗಿದ್ದಾಗಲೇ ಇತ್ಯರ್ಥವಾಗಿದೆ.

ಹೂವಿನ ಮದ್ದುಗಳ ಮಾತು ಬಂದಾಗ ನಾವು ನೋಡುವುದು ಬಾಟಲಿಯನ್ನು ಮಾತ್ರ. ಗಿಡಕ್ಕೆ ಅದನ್ನು ಕೇಳಿಸಿಕೊಳ್ಳುವ ಒಂದು ಗಳಿಗೆ ಇದೆ, ಅದು ಕೆಲವೇ ದಿನಗಳದು. ಆ ಗಳಿಗೆಯನ್ನು ಚೆನ್ನಾಗಿ ಬಳಸಿಕೊಂಡವರು ತಳಿ ತಜ್ಞರು ಮತ್ತು ಬೀಜದ ಕಂಪನಿಗಳು. ರೈತ ಸಿಂಪಡಿಸುವ ಮದ್ದಿಗಿಂತ ದೊಡ್ಡ ರಸಾಯನ ಅವನು ದುಡ್ಡು ಕೊಟ್ಟು ತರುವ ಬೀಜದ ಪೊಟ್ಟಣದಲ್ಲಿ ಆಗಲೇ ಸೇರಿಕೊಂಡಿರುತ್ತದೆ. ಅದು ಅಲ್ಲಿಗೆ ಸೇರಿದ ಕತೆಯಲ್ಲಿ ಮೈಸೂರಿನವರೊಬ್ಬರೂ ಬರುತ್ತಾರೆ.

ಮೈಸೂರಿನ ಸಸ್ಯವಿಜ್ಞಾನಿ, ದೆಹಲಿಯ ಗಿಡ

ಎಚ್.ವೈ. ಮೋಹನ್ ರಾಮ್ 1930ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ತಂದೆ ಎಚ್. ಯೋಗಾನರಸಿಂಹಂ ಸಂಸ್ಕೃತ ವಿದ್ವಾಂಸರು, ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅಣ್ಣ ಎಚ್.ವೈ. ಶಾರದಾ ಪ್ರಸಾದ್, ಪ್ರಧಾನಿ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿ ಹೆಸರಾದವರು. ತಮ್ಮ ಹಿಡಿದದ್ದು ಗಿಡಗಳ ದಾರಿ. ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನ ವಿಭಾಗದಲ್ಲಿ ದಶಕಗಳ ಕಾಲ ಪಾಠ ಹೇಳಿ, ಸಂಶೋಧನೆ ಮಾಡಿ, 2018ರಲ್ಲಿ ತೀರಿಕೊಂಡರು.

ಗಿಡದ ಗಂಡು-ಹೆಣ್ಣನ್ನು ರಸಾಯನದಿಂದ ಬದಲಿಸಬಹುದೇ ಎಂದು ನೋಡಲು ಅವರ ತಂಡ ಆರಿಸಿಕೊಂಡದ್ದು ಗಾಂಜಾ ಗಿಡವನ್ನು. ಅದಕ್ಕೆ ಕಾರಣವಿತ್ತು. ಸೌತೆಯಲ್ಲಾದರೆ ಒಂದೇ ಬಳ್ಳಿಯಲ್ಲಿ ಎರಡೂ ಬಗೆಯ ಹೂವು ಬರುತ್ತವೆ. ಗಾಂಜಾದಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಮನುಷ್ಯರಲ್ಲಿರುವಂತೆ ಎಕ್ಸ್, ವೈ ವರ್ಣತಂತುಗಳೂ ಇವೆ. ಉತ್ತರ ಭಾರತದಲ್ಲಿ ಅದು ರಸ್ತೆ ಬದಿಯ ಕಳೆ. ಮದ್ದು ಹಾಕಿದ ಮೇಲೆ ಹೆಣ್ಣು ಗಿಡದಲ್ಲಿ ಗಂಡು ಹೂವು ಕಂಡರೆ ಅದು ಮದ್ದಿನ ಕೆಲಸವೆಂದು ಸುಲಭವಾಗಿ ಹೇಳಬಹುದು.

1970ರಲ್ಲಿ ಮೋಹನ್ ರಾಮ್ ಮತ್ತು ವಿ.ಎಸ್. ಜೈಸ್ವಾಲ್ ಪ್ರಕಟಿಸಿದ ಲೇಖನ, ಎಥೆಫಾನ್ ಎಂಬ ರಸಾಯನ ಗಂಡು ಗಿಡದಲ್ಲಿ ಹೆಣ್ಣು ಹೂವು ಬರಿಸಿದ್ದನ್ನು ವರದಿ ಮಾಡಿತು. 1972ರಲ್ಲಿ ಅದೇ ಇಬ್ಬರು ಜಿಬ್ಬರೆಲಿನ್ ಎಂಬ ಸಸ್ಯ ಹಾರ್ಮೋನು ಕೊಟ್ಟು ಹೆಣ್ಣು ಗಿಡದಲ್ಲಿ ಗಂಡು ಹೂವು ಬರಿಸಿದರು. 1982ರಲ್ಲಿ ಮೋಹನ್ ರಾಮ್ ಅವರು ಆರ್. ಸೇಟ್ ಜೊತೆ ಸೇರಿ, ಬೆಳ್ಳಿಯ ಲವಣಗಳಿಂದ ಹೆಣ್ಣು ಗಿಡದಲ್ಲಿ ಬೀಜ ಕಟ್ಟಿಸಬಲ್ಲ ಗಂಡು ಹೂವುಗಳನ್ನೇ ಪಡೆದರು. ವರ್ಣತಂತು ಹೇಳಿದ್ದೇ ಕೊನೆಯ ಮಾತಲ್ಲ, ಹೂವು ಮೊಳೆಯುವ ಹೊತ್ತಿಗೆ ಗಿಡದೊಳಗಿನ ಹಾರ್ಮೋನುಗಳ ಮಾತೂ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ.

ಇದರ ಒಳಗುಟ್ಟು ಎಥಿಲೀನ್. ಬಾಳೆ ಮಂಡಿಯವರಿಗೆ ಹೊಸದೇನಲ್ಲದ ಅನಿಲ ಅದು. ಗೊನೆ ಕಡಿದು ಕೋಣೆಯಲ್ಲಿ ತುಂಬಿ ಹೊಗೆ ಹಾಕಿದರೆ ಕಾಯಿ ಹಣ್ಣಾಗುವುದು ಹೊಗೆಯಲ್ಲಿರುವ ಎಥಿಲೀನ್‌ನಿಂದ. ಗಿಡಗಳು ತಮ್ಮೊಳಗೇ ಇದನ್ನು ತಯಾರಿಸುತ್ತವೆ. ಸೌತೆಯಲ್ಲಿ, ಗಾಂಜಾದಲ್ಲಿ ಮೊಗ್ಗಿನ ಹತ್ತಿರ ಎಥಿಲೀನ್ ಹೆಚ್ಚಿದ್ದರೆ ಹೂವು ಹೆಣ್ಣಾಗುತ್ತದೆ, ಕಡಿಮೆಯಾಗಿ ಜಿಬ್ಬರೆಲಿನ್ ಮೇಲುಗೈಯಾದರೆ ಗಂಡಾಗುತ್ತದೆ. ಅಂಗಡಿಯಲ್ಲಿ ಎಥ್ರೆಲ್ ಎಂಬ ಹೆಸರಲ್ಲಿ ಸಿಗುವುದು ಇದೇ ಎಥೆಫಾನ್. ಗಿಡದೊಳಗೆ ಹೋಗಿ ಒಡೆದು ಎಥಿಲೀನ್ ಬಿಡುವುದೇ ಅದರ ಕೆಲಸ. ಬೆಳ್ಳಿಯದು ಇದಕ್ಕೆ ತದ್ವಿರುದ್ಧ. ಗಿಡದ ಜೀವಕೋಶದಲ್ಲಿ ಎಥಿಲೀನನ್ನು ಗುರುತಿಸುವ ಪ್ರೋಟೀನಿಗೆ ತಾಮ್ರ ಬೇಕು. ಆ ಜಾಗದಲ್ಲಿ ಬೆಳ್ಳಿ ಕೂತರೆ, ಎಥಿಲೀನ್ ಎಷ್ಟಿದ್ದರೂ ಗಿಡಕ್ಕೆ ಅದರ ಅರಿವಾಗುವುದಿಲ್ಲ. ಬೆಳ್ಳಿಗೆ ಈ ಶಕ್ತಿ ಇದೆಯೆಂದು ಅಮೆರಿಕದ ಎಲ್ಮೋ ಬೇಯರ್ 1976ರಲ್ಲಿ ತೋರಿಸಿದ್ದರು.

ಗಾಂಜಾದಲ್ಲಿ ಗಂಡು-ಹೆಣ್ಣಿನ ಲೆಕ್ಕ ಪ್ರಯೋಗಶಾಲೆಗಿಂತ ಹಳೆಯದು. ಅಮಲಿನ ಅಂಟು ತುಂಬುವುದು ಪರಾಗ ಮುಟ್ಟದ ಹೆಣ್ಣು ಹೂಗೊಂಚಲಿನಲ್ಲಿ. ಬ್ರಿಟಿಷರ ಕಾಲದಲ್ಲಿ ಬಂಗಾಳದ ನೌಗಾಂವ್ ಸೀಮೆಯಲ್ಲಿ ಸರ್ಕಾರದ ಲೈಸೆನ್ಸಿನಡಿ ಗಾಂಜಾ ಬೆಳೆಯುತ್ತಿದ್ದಾಗ, ಹೊಲಹೊಲ ಸುತ್ತಿ ಗಂಡು ಗಿಡ ಗುರುತಿಸಿ ಕೀಳಿಸುವ ಕಸುಬಿನವರೇ ಇದ್ದರು. 1893-94ರ ಹೆಂಪ್ ಡ್ರಗ್ಸ್ ಕಮಿಷನ್ ಅವರನ್ನು ‘ಗಾಂಜಾ ಡಾಕ್ಟರ್’ ಎಂದೇ ದಾಖಲಿಸಿದೆ. ಕಣ್ಣು ಮಾಡುತ್ತಿದ್ದ ಆ ಕೆಲಸವನ್ನು ಈಗ ಪರವಾನಗಿ ಇರುವ ದೇಶಗಳಲ್ಲಿ ಬೀಜವೇ ಮಾಡುತ್ತದೆ. ಹೆಣ್ಣು ಗಿಡದಲ್ಲೇ ಹುಟ್ಟಿದ ಪರಾಗದಲ್ಲಿ ವೈ ವರ್ಣತಂತು ಇರುವುದಿಲ್ಲ, ಹಾಗಾಗಿ ಅದರಿಂದ ಕಟ್ಟಿದ ಬೀಜವೆಲ್ಲ ಹೆಣ್ಣು.

ನಮ್ಮಲ್ಲಿ ಅದಕ್ಕೆ ಎಡೆಯಿಲ್ಲ. 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂಗೊಂಚಲಿಗೆ. ಪರವಾನಗಿ ಇಲ್ಲದೆ ಗಿಡ ಬೆಳೆದರೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ನಾರು ಮತ್ತು ಬೀಜಕ್ಕೆಂದು ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು ಅದೇ ಕಾಯ್ದೆ ಹೇಳುತ್ತದೆ. ಉತ್ತರಾಖಂಡ 2018ರಲ್ಲಿ ಆ ಬಾಗಿಲು ತೆರೆಯಿತು. ಹಂಪಿ, ಹೊಸಪೇಟೆ ಕಡೆ ಈ ಗಿಡ ಪತ್ರಿಕೆಗೆ ಬರುವುದು ಇವತ್ತಿಗೂ ಅಪರಾಧ ಸುದ್ದಿಯ ಪುಟದಲ್ಲೇ. ಆದರೆ ಆ ಗಿಡದಲ್ಲಿ ಕಂಡ ವಿಜ್ಞಾನವೇ ಮತ್ತೊಂದು ಬೆಳೆಯ ರೂಪದಲ್ಲಿ ನಮ್ಮ ಹೊಲಗಳಲ್ಲಿದೆ.

ಮಿಡಿಸೌತೆಯ ಪೊಟ್ಟಣದಲ್ಲಿ

ತುಂಗಭದ್ರೆಯ ಕಾಲುವೆ ಹತ್ತಿದ ಕಂಪ್ಲಿಯಲ್ಲಿ ಬತ್ತ, ಹಂಪಿಯ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳ ಕೆಳಗೆ ಬಾಳೆ, ಕಬ್ಬು. ಕಾಲುವೆ ಹತ್ತದ ಕೆಂಪು ಹೊಲಗಳಲ್ಲಿ ಕೊಳವೆಬಾವಿಯೇ ಗತಿ. ಬಳ್ಳಾರಿ, ವಿಜಯನಗರ, ಕೊಪ್ಪಳ ಸೀಮೆಯ ಇಂಥ ಹೊಲಗಳಿಗೆ ಉಪ್ಪಿನಕಾಯಿಯ ಮಿಡಿಸೌತೆ (ಗರ್ಕಿನ್) ಬಂದದ್ದು ಕಂಪನಿಗಳ ಒಪ್ಪಂದದ ಬೇಸಾಯದ ಮೂಲಕ. ದೇಶದಲ್ಲಿ ಈ ಬೆಳೆ 1990ರ ದಶಕದಲ್ಲಿ ಶುರುವಾದದ್ದೇ ಕರ್ನಾಟಕದಲ್ಲಿ. ಕೇಂದ್ರ ವಾಣಿಜ್ಯ ಸಚಿವಾಲಯ 2022ರ ಜನವರಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2020-21ರಲ್ಲಿ ಭಾರತ 2,23,515 ಟನ್ ಸೌತೆ ಮತ್ತು ಮಿಡಿಸೌತೆ ರಫ್ತು ಮಾಡಿದೆ. ಆಗ ಸುಮಾರು 65,000 ಎಕರೆಯಲ್ಲಿ 90,000 ಸಣ್ಣ ರೈತರು ಇದನ್ನು ಬೆಳೆಯುತ್ತಿದ್ದರು. ತೊಂಬತ್ತು ದಿನದ ಬೆಳೆ, ಎಕರೆಗೆ ಸರಾಸರಿ ನಾಲ್ಕು ಟನ್.

ಮಿಡಿಸೌತೆ ಹೊಲದಲ್ಲಿ ಒಂದು ಬಳ್ಳಿ ಎತ್ತಿ ನೋಡಿ. ಊರ ಸೌತೆಯಲ್ಲಾದರೆ ಎಲೆಯ ಕಂಕುಳಲ್ಲಿ ಸಣ್ಣ ತೊಟ್ಟಿನ ಗಂಡು ಹೂವುಗಳು ನಾಲ್ಕೈದು ಗುಂಪಾಗಿ ಬಿಟ್ಟಿರುತ್ತವೆ. ಬೆಳಿಗ್ಗೆ ಅರಳಿ ಮರುದಿನಕ್ಕೆ ಬಾಡಿ ಉದುರುತ್ತವೆ. ಮಿಡಿಸೌತೆಯಲ್ಲಿ ಹೆಚ್ಚುಕಡಿಮೆ ಪ್ರತಿ ಗೆಣ್ಣಿನಲ್ಲೂ ಹಳದಿ ಹೂವಿನ ಬೆನ್ನಿಗೆ ಮುಳ್ಳು ಮುಳ್ಳಾದ ಕಿರುಬೆರಳ ತುದಿಯಷ್ಟು ಹೀಚು ಅಂಟಿಕೊಂಡಿರುತ್ತದೆ. ಬಳ್ಳಿಗೆ ಬಳ್ಳಿಯೇ ಹೆಣ್ಣು. ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ದರ ನಿಲ್ಲುವ ಬೆಳೆ ಇದು. ಕಾಯಿ ಸಣ್ಣದಾದಷ್ಟೂ ಬೆಲೆ ಜಾಸ್ತಿ, ಒಂದು ದಿನ ಕೀಳದೆ ಬಿಟ್ಟರೆ ಗ್ರೇಡು ಇಳಿಯುತ್ತದೆ. ಗೆಣ್ಣಿಗೊಂದು ಹೀಚು ಬರದಿದ್ದರೆ ಕೂಲಿಯೂ ಹುಟ್ಟುವುದಿಲ್ಲ.

ಇಲ್ಲೊಂದು ಒಗಟಿದೆ. ಹೆಣ್ಣು ಹೂವನ್ನೇ ಬಿಡುವ ಬಳ್ಳಿಗೆ ಬೀಜ ಕಟ್ಟುವುದು ಹೇಗೆ? ಕೊರಿಯಾ ಕಡೆಯಿಂದ ತಂದ ‘ಶೋಗೊಯಿನ್’ ಸೌತೆಯ ಸಂತತಿಯಲ್ಲಿ ಈ ಹೆಣ್ಣು ಗುಣ ಸಿಕ್ಕಾಗ, ಅಮೆರಿಕದ ಮಿಶಿಗನ್‌ನಲ್ಲಿ ಸಿ.ಇ. ಪೀಟರ್‌ಸನ್ ಎಂಬ ತಳಿ ತಜ್ಞರಿಗೆ ಎದುರಾದ ಪ್ರಶ್ನೆ ಇದು. ಗಂಡು ಹೂವೇ ಇಲ್ಲದ ಬಳ್ಳಿಯ ವಂಶ ಒಂದೇ ತಲೆಮಾರಿಗೆ ಮುಗಿಯಬೇಕು. 1960ರಲ್ಲಿ ಅವರು ತಮ್ಮ ಸಹೋದ್ಯೋಗಿಯೊಂದಿಗೆ ಉತ್ತರ ಪ್ರಕಟಿಸಿದರು: ಎಳೆಯ ಬಳ್ಳಿಗೆ ಜಿಬ್ಬರೆಲಿನ್ ಸಿಂಪಡಿಸಿದರೆ ಕೆಲವು ಗೆಣ್ಣುಗಳಲ್ಲಿ ಗಂಡು ಹೂವು ಬರುತ್ತದೆ. ಆ ಪರಾಗದಿಂದ ಕಟ್ಟಿದ ಬೀಜ ಮತ್ತೆ ಹೆಣ್ಣು ಬಳ್ಳಿಯನ್ನೇ ಕೊಡುತ್ತದೆ. ಕೆಲವೇ ವರ್ಷಗಳಲ್ಲಿ ‘ಸ್ಪಾರ್ಟನ್ ಡಾನ್’ ಎಂಬ ಉಪ್ಪಿನಕಾಯಿ ಸೌತೆಯ ಹೈಬ್ರಿಡ್ ಇದೇ ದಾರಿಯಲ್ಲಿ ಬಂತು. ಮುಂದೆ ಬೆಳ್ಳಿಯ ಗುಣ ಗೊತ್ತಾದ ಮೇಲೆ ಸಿಲ್ವರ್ ನೈಟ್ರೇಟ್ ಆ ಕೆಲಸಕ್ಕೆ ಇನ್ನೂ ನೆಚ್ಚಿನ ಮದ್ದಾಯಿತು.

ಬೀಜದ ಹೊಲದಲ್ಲಿ ಇದು ನಡೆಯುವ ರೀತಿ ಸರಳ. ಹೆಣ್ಣು ವಂಶವನ್ನು ಉಳಿಸಿಕೊಳ್ಳುವ ತಾಕಿನಲ್ಲಿ ಕೆಲವು ಸಾಲಿಗೆ ಮಾತ್ರ ಮದ್ದು, ಉಳಿದ ಸಾಲಿಗೆ ಇಲ್ಲ, ನಡುವೆ ಓಡಾಡಲು ಜೇನು. ಹೈಬ್ರಿಡ್ ತಾಕಿನಲ್ಲಿ ಆ ಹೆಣ್ಣು ಸಾಲುಗಳ ಪಕ್ಕದಲ್ಲಿ ಬೇರೆ ತಳಿಯ ತಂದೆ ಸಾಲು. ಹೆಣ್ಣು ಸಾಲಿನ ಹಣ್ಣಿನಿಂದ ಬೀಜ ತೆಗೆದರೆ ಮುಗಿಯಿತು, ಕೈಯಿಂದ ಕೇಸರ ಕೀಳುವ ಕೆಲಸವೇ ಇಲ್ಲ. ಹತ್ತಿಯ ಬೀಜ ಮಾಡಿದವರಿಗೆ ಇದರ ಬೆಲೆ ಗೊತ್ತು. ಧಾರವಾಡದಿಂದ 1972ರಲ್ಲಿ ಬಂದ ‘ವರಲಕ್ಷ್ಮಿ’ ಹತ್ತಿಯ ಬೀಜಕ್ಕೆ ಹೆಂಗಸರು ಸಂಜೆ ಮೊಗ್ಗು ಬಿಚ್ಚಿ ಗಂಡು ಭಾಗ ತೆಗೆದು, ಮರುದಿನ ಬೆಳಿಗ್ಗೆ ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಬೇಕಿತ್ತು. ಸೌತೆಯಲ್ಲಿ ಆ ದುಡಿಮೆಯನ್ನು ಬೆಳ್ಳಿಯ ನಾಲ್ಕು ಹನಿ ಉಳಿಸಿತು.

ಅದೇ ಕಾರಣಕ್ಕೆ ರೈತ ಹಂಗಾಮಿಗೊಮ್ಮೆ ಬೀಜ ಕೊಳ್ಳಲೇಬೇಕು. ಹೈಬ್ರಿಡ್ ಬಳ್ಳಿಯ ಕಾಯನ್ನು ಹಣ್ಣಾಗಲು ಬಿಟ್ಟು ಬೀಜ ತೆಗೆದಿಟ್ಟರೆ, ಮುಂದಿನ ಸಲ ಹೆಣ್ಣು, ಗಂಡು, ಬೆರಕೆ ಎಲ್ಲವೂ ಒಡೆದು ಬರುತ್ತವೆ. ಜೇನು ಬೇಕಾದ ತಳಿಗಳಾದರೆ ಪೊಟ್ಟಣದಲ್ಲೇ ನೂರಕ್ಕೆ ಹತ್ತು-ಹದಿನೈದರಷ್ಟು ಗಂಡು ಹೂವು ಬಿಡುವ ಬೇರೆ ಬೀಜ ಬೆರೆಸಿರುತ್ತಾರೆ. ಆ ಬಳ್ಳಿ ಕಂಡು ‘ಕಂಪನಿ ಬೀಜದಾಗ ಕಲಬೆರಕೆ ಐತಿ’ ಎಂದು ಕಿತ್ತು ಹಾಕಿದರೆ ಕಾಯಿ ಕಟ್ಟುವುದೇ ನಿಲ್ಲುತ್ತದೆ.

ಒಂದೇ ಬಾಟಲಿ, ಬೆಳೆಗೊಂದು ಗುಣ

ಎಥ್ರೆಲ್ ಕೆಲಸ ಮಾಡುತ್ತದೆ ಎಂದಷ್ಟೇ ತಿಳಿದು ಪಕ್ಕದ ಹೊಲದವನ ಮದ್ದನ್ನು ನಮ್ಮ ಹೊಲಕ್ಕೆ ಹೊಡೆದರೆ ಕೆಡುವುದು ಇಲ್ಲೇ. ಸೌತೆಯಲ್ಲಿ ಹೆಣ್ಣು ಹೂವು ಹೆಚ್ಚಿಸುವ ಎಥಿಲೀನ್, ಅದೇ ಕುಟುಂಬದ ಕಲ್ಲಂಗಡಿಯಲ್ಲಿ ಹೆಣ್ಣು ಹೂವನ್ನು ಕಡಿಮೆ ಮಾಡುತ್ತದೆ. ಬನವಾಸಿ, ಸೊರಬ ಕಡೆಯ ಅನಾನಸು ತೋಟದಲ್ಲಿ ಎಥ್ರೆಲ್ ಹಾಕುವುದು ಎಲ್ಲ ಗಿಡವೂ ಒಟ್ಟಿಗೆ ಹೂವಿಗೆ ಬರಲೆಂದು. ಕಬ್ಬಿನಲ್ಲಿ ಅದೇ ಮದ್ದು ಸೂಲಂಗಿ ಬರದಂತೆ ತಡೆಯಲು ಬಳಕೆಯಾಗಿದೆ, ಸೂಲಂಗಿ ಬಿಟ್ಟ ಕಬ್ಬು ಬೆಳವಣಿಗೆ ನಿಲ್ಲಿಸಿ ಬೆಂಡಾಗುತ್ತದೆ. ದಾಳಿಂಬೆಯಲ್ಲಿ ಎಥ್ರೆಲ್ ಹಾಕುವುದು ಗಂಡು-ಹೆಣ್ಣಿನ ಲೆಕ್ಕಕ್ಕಲ್ಲ. ನೀರು ಬಿಗಿ ಹಿಡಿದು, ಚಾಟ್ನಿ ಮಾಡಿ (ಕೊಂಬೆ ಸವರಿ), ಎಥ್ರೆಲ್ ಹೊಡೆದು ಎಲೆ ಉದುರಿಸುತ್ತಾರೆ. ಮತ್ತೆ ನೀರು ಕೊಟ್ಟಾಗ ತೋಟವೆಲ್ಲ ಒಮ್ಮೆಲೇ ಚಿಗುರಿ ಹೂವಾಗುತ್ತದೆ. ಅಂಬೆ ಬಹಾರ್, ಮೃಗ ಬಹಾರ್, ಹಸ್ತ ಬಹಾರ್ ಎಂದು ಹಂಗಾಮು ಆರಿಸಿಕೊಳ್ಳುವುದು ಹೀಗೆ. ಗಿಡದಲ್ಲಿ ಕಸುವಿಲ್ಲದೆ ಎಲೆ ಉದುರಿಸಿದರೆ ಬೋಳು ಗಿಡ ಸಿಗುತ್ತದೆ, ಹೂವಲ್ಲ. ಮದ್ದು ತೂಬು ಎತ್ತುತ್ತದೆ, ಹಿಂದೆ ನೀರು ಇರಬೇಕು.

ಬಾಳೆಯಲ್ಲಂತೂ ಈ ಗಳಿಗೆಯ ಮಾತು ಇನ್ನೂ ಸ್ಪಷ್ಟ. ಇಲ್ಲೂ ಮೋಹನ್ ರಾಮ್ ಹೆಸರಿದೆ. ಅಮೆರಿಕದ ಕಾರ್ನೆಲ್‌ನ ಎಫ್.ಸಿ. ಸ್ಟೀವರ್ಡ್ ಜೊತೆ, ಪತ್ನಿ ಮಾನಸಿ ರಾಮ್ ಅವರೂ ಸೇರಿ, ಬಾಳೆಯೊಳಗೆ ಹೂಗೊಂಚಲು ಹುಟ್ಟುವ ಬಗೆಯನ್ನು 1962ರಲ್ಲಿ ವಿವರವಾಗಿ ಬರೆದರು. ಹೊರಗೆ ನಮಗೆ ಕಾಣುವುದು ಎಲೆಯ ಮೇಲೆ ಎಲೆ. ಒಳಗೆ, ಗಡ್ಡೆಯ ನೆತ್ತಿಯಲ್ಲಿ, ಇನ್ನೂ ಹತ್ತು-ಹನ್ನೆರಡು ಎಲೆ ಹೊರಬರುವುದು ಬಾಕಿ ಇರುವಾಗಲೇ ಗಿಡ ಎಲೆ ಮಾಡುವುದನ್ನು ನಿಲ್ಲಿಸಿ ಗೊನೆಗೆ ತೊಡಗಿರುತ್ತದೆ. ಮೊದಲು ಹುಟ್ಟುವ ಚಿಪ್ಪುಗಳು ಹೆಣ್ಣು ಹೂವಿನವು, ಅವೇ ಕಾಯಿ. ಆಮೇಲಿನವು ಗಂಡು, ಅವು ಗೊನೆಯ ತುದಿಯ ಕೆಂಪು ಮೂತಿಯಲ್ಲಿ ಉಳಿಯುತ್ತವೆ. ಗೊನೆಗೆ ಎಂಟು ಚಿಪ್ಪೋ ಹತ್ತೋ ಎಂಬುದು ಅಲ್ಲೇ ಮುಗಿದ ಲೆಕ್ಕ. ಕಂಪ್ಲಿಯ ತೋಟದಲ್ಲಾಗಲಿ ಹಂಪಿಯ ತೋಟದಲ್ಲಾಗಲಿ ಗೊನೆ ಹೊರಬಿದ್ದ ಮೇಲೆ ಹೊಡೆಯುವ ಯಾವ ಟಾನಿಕ್ಕೂ ಚಿಪ್ಪು ಕೂಡಿಸಲಾರದು. ಇದ್ದ ಕಾಯಿ ದಪ್ಪವಾದೀತು, ಅಷ್ಟೆ. ಚಿಪ್ಪು ಬೇಕೆಂದರೆ ನೀರು, ಗೊಬ್ಬರ ಹೋಗಬೇಕಾದದ್ದು ಅದಕ್ಕೆ ತಿಂಗಳುಗಳ ಮುಂಚೆ.

ಹೊಲದ ಲೆಕ್ಕ

ಊರ ಸೌತೆ, ಹೀರೆಯಲ್ಲಿ ಮೊದಲು ಅರಳುವುದು ಗಂಡು ಹೂವೇ. ಅದು ರೋಗವೂ ಅಲ್ಲ, ಬೀಜದ ದೋಷವೂ ಅಲ್ಲ. ಬಳ್ಳಿ ಮುಂದಕ್ಕೆ ಹರಿದಂತೆ ಹೆಣ್ಣು ಹೂವು ತಾನಾಗಿ ಕೂಡಿಕೊಳ್ಳುತ್ತದೆ. ಅಂಗಡಿಗೆ ಬರುವ ಎಷ್ಟೋ ದೂರುಗಳು ಮದ್ದು ಹೊಡೆಯದಿದ್ದರೂ ಬಗೆಹರಿಯುವಂಥವು. ಮದ್ದು ಹೊಡೆದವನು ಮಾತ್ರ ಅದರಿಂದಲೇ ಹೂವು ಬಂತೆಂದು ನಂಬುತ್ತಾನೆ. ನಮ್ಮ ಸೀಮೆಯ ಬೇಸಿಗೆಯ ಉರಿ, ಉದ್ದನೆಯ ಹಗಲು, ಯೂರಿಯಾ ಹೆಚ್ಚು ಸುರಿಯುವುದು, ಇವೆಲ್ಲ ಗಂಡು ಹೂವಿನ ಕಡೆಗೇ ಬಳ್ಳಿಯನ್ನು ತಳ್ಳುತ್ತವೆ. ಬಿತ್ತುವ ದಿನ ಬದಲಿಸುವುದು, ಯೂರಿಯಾ ಹಿಡಿತದಲ್ಲಿಡುವುದು ದುಡ್ಡು ಖರ್ಚಿಲ್ಲದ ಉಪಾಯ.

ಮದ್ದು ಬೇಕೇ ಬೇಕೆಂದರೆ ಅದರ ಕಾಲ ಬಳ್ಳಿ ಎರಡೆಲೆ, ನಾಲ್ಕೆಲೆ ಇರುವಾಗ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು, ಬಿತ್ತಿದ 10-15 ದಿನಕ್ಕೆ ಶುರುಮಾಡಿ ವಾರಕ್ಕೊಮ್ಮೆಯಂತೆ ನಾಲ್ಕು ಸಲ, 250 ಪಿಪಿಎಂ ಎಥ್ರೆಲ್, ಅಂದರೆ 10 ಲೀಟರ್ ನೀರಿಗೆ 2.5 ಮಿ.ಲೀ. ಈ ಪಿಪಿಎಂ ಲೆಕ್ಕದಲ್ಲಿ ಜನ ಎಡವುತ್ತಾರೆ. ಬಾಟಲಿಯ ಮೇಲೆ 39% ಎಂದು ಬರೆದಿರುತ್ತದೆ, ಅಂದರೆ 2.5 ಮಿ.ಲೀ.ನಲ್ಲಿ ಅಸಲು ಮದ್ದು ಸುಮಾರು ಒಂದು ಗ್ರಾಂ. ಶಿಫಾರಸಿನ 2.5 ಮಿ.ಲೀ. ಬಾಟಲಿಯಲ್ಲಿರುವ ದ್ರಾವಣದ ಅಳತೆ. ಅದನ್ನು ಅಸಲು ಮದ್ದಿನ ಲೆಕ್ಕವೆಂದು ತಿಳಿದು ಹಾಕಿದರೆ ಪ್ರಮಾಣ ಎರಡೂವರೆ ಪಟ್ಟಾಗಿ ಬಳ್ಳಿ ಮುರುಟುತ್ತದೆ. ನೀರಿನದೂ ಪಾತ್ರವಿದೆ. ಎಥೆಫಾನ್ ಹುಳಿ ದ್ರಾವಣದಲ್ಲಿ ಗಟ್ಟಿಯಾಗಿರುತ್ತದೆ, ಸವುಳು ಕೊಳವೆಬಾವಿಯ ಕ್ಷಾರ ನೀರಿಗೆ ಬಿದ್ದೊಡನೆ ಒಡೆಯಲು ತೊಡಗುತ್ತದೆ. ಬೆಳಿಗ್ಗೆ ಬೆರೆಸಿದ್ದನ್ನು ಸಂಜೆ ಹೊಡೆದರೆ ಬಳ್ಳಿಗೆ ಸಿಗಬೇಕಾದ ಎಥಿಲೀನ್ ಡ್ರಮ್ಮಿನಿಂದಲೇ ಗಾಳಿಗೆ ಹೋಗಿರುತ್ತದೆ.

ಕಂಪನಿಗೆ ಮಿಡಿಸೌತೆ ಬೆಳೆಯುವವರಿಗೆ ಇಷ್ಟೂ ಬೇಡ. ಅವರ ಬಳ್ಳಿ ಹುಟ್ಟುತ್ತಲೇ ಹೆಣ್ಣು, ಮೇಲಿಂದ ಎಥ್ರೆಲ್ ಹೊಡೆದು ಗಳಿಸುವುದೇನಿಲ್ಲ. ಕಂಪನಿ ಒಪ್ಪಿದ ಪಟ್ಟಿಯಲ್ಲಿಲ್ಲದ ಮದ್ದಿನ ಅಂಶ ಕಾಯಲ್ಲಿ ಸಿಕ್ಕರೆ ಹೊರದೇಶದ ಬಂದರಿನಲ್ಲಿ ಮಾಲು ನಿಲ್ಲುತ್ತದೆ, ನಷ್ಟ ಕೊನೆಗೆ ಹೊಲಕ್ಕೇ ಬರುತ್ತದೆ.

ಇದೆಲ್ಲದರಲ್ಲಿ ಗುಟ್ಟು ಎಂಬುದೇ ಇಲ್ಲ ಎಂಬುದನ್ನು ಗಮನಿಸಬೇಕು. ಜಿಬ್ಬರೆಲಿನ್‌ನ ಸಂಗತಿ 1960ರಿಂದ, ಬೆಳ್ಳಿಯ ಸಂಗತಿ 1976ರಿಂದ ಅಚ್ಚಿನಲ್ಲಿದೆ. ಗಾಂಜಾ ಗಿಡದ ಮೇಲಿನ ದೆಹಲಿಯ ಲೇಖನಗಳನ್ನು ಯಾರು ಬೇಕಾದರೂ ಓದಬಹುದು. ದೆಹಲಿಯ ಪೂಸಾ ಸಂಸ್ಥೆ ಪೂರ್ತಿ ಹೆಣ್ಣು ಹೂವಿನ, ಬೀಜವಿಲ್ಲದ ಸೌತೆ ತಳಿಯೊಂದನ್ನು ಪಾಲಿಹೌಸಿಗೆಂದು ಬಿಡುಗಡೆ ಮಾಡಿಯೂ ಇದೆ. ಹಾಗಿರುವಾಗ ಬಯಲು ಹೊಲದ ಮಿಡಿಸೌತೆಗೆ, ಬಳ್ಳಾರಿಯ ಬಿಸಿಲಲ್ಲೂ ಹೆಣ್ಣು ಹೂವು ಬಿಡುವ ಸೌತೆ, ಹೀರೆಗೆ ಸರ್ಕಾರಿ ತಳಿ ಬರಬೇಕಾದರೆ ಅಡ್ಡಿಯಾಗಿರುವುದು ವಿಜ್ಞಾನವಲ್ಲ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಬೆಂಗಳೂರಿನ ಹೆಸರಘಟ್ಟದಲ್ಲಿ ರಾಷ್ಟ್ರೀಯ ಸಂಸ್ಥೆ ಇದೆ. ಹೆಣ್ಣು ವಂಶ ಉಳಿಸಿಕೊಳ್ಳುವ ತಾಕಿಗೆ ಬೇಕಾದದ್ದು ಒಂದಿಷ್ಟು ಸಿಲ್ವರ್ ನೈಟ್ರೇಟ್, ಜೇನುಪೆಟ್ಟಿಗೆ, ನಾಲ್ಕು ಸಾಲು ಬಳ್ಳಿ ಮತ್ತು ವರ್ಷ ವರ್ಷ ಬಿಡದೆ ನೋಡಿಕೊಳ್ಳುವ ಜನ. ಹಂಗಾಮಿಗೊಂದು ಬಾಟಲಿ ಕೊಳ್ಳುವ ರೈತನಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಬಳ್ಳಿ ನಾಲ್ಕೆಲೆ ಇರುವಾಗಿನ ಆ ಗಳಿಗೆಯನ್ನು ಅವನು ಕಾಯಬೇಕಿಲ್ಲ, ಅವನ ಪರವಾಗಿ ಬೀಜದಲ್ಲೇ ಯಾರೋ ಅದನ್ನು ಕಾದು ಮುಗಿಸಿರುತ್ತಾರೆ.